ತಿಂಗಳಿಗೊಂದು ಹಣ್ಣು

ಕಾರವಾರದ ಕಥೋಲಿಕ ಮನೆಗಳಲ್ಲಿ ಶುಕ್ರವಾರ ಮಾಂಸ ಬೇಯುವುದಿಲ್ಲ. ಈಸ್ಟರ್ ಹಬ್ಬಕ್ಕೆ ಮುಂಚಿನ ಉಪವಾಸದ ದಿನಗಳಾದ ತಪಸ್ಸುಕಾಲ ಬಂತೆಂದರೆ ಈ ನಿಯಮಕ್ಕೆ ಎಲ್ಲಿಲ್ಲದ ಬಿಗಿ ಬರುತ್ತದೆ. ಆದರೆ ಕೋಳಿ, ಹಂದಿ ಬಿಟ್ಟ ಪುಣ್ಯಕ್ಕೆ ಪ್ರತಿಯಾಗಿ ಇಸ್ವಾಣ ಮೀನಿನ ತುಂಡುಗಳಿಗೆ ರವೆ ಹಚ್ಚಿ ಹುರಿದು, ಬಂಗಡೆ ಸಾರಿಗೆ ತಿರಫಳ ಜಜ್ಜಿ ಹಾಕಿ, ವ್ರತವನ್ನು ಹೊಟ್ಟೆತುಂಬ ಆಚರಿಸುವುದು ನಮ್ಮ ಕಡೆಯ ರೂಢಿ. ಕಟ್ಟಳೆಯ ಒಂದಕ್ಷರಕ್ಕೂ ಅದರಿಂದ ಭಂಗವಿಲ್ಲ, ನಾಲಿಗೆಗಂತೂ ಯಾವ ಕೊರತೆಯೂ ಇಲ್ಲ.

ಹಲವು ವರ್ಷಗಳಿಂದ ನಾನು ವಾಸವಾಗಿರುವ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿಯೂ ಶುಕ್ರವಾರಕ್ಕೆಂದೇ ಒಂದು ಅಡುಗೆಯಿದೆ. ವೇಯೆ ಎಂದು ಅದರ ಹೆಸರು. ತೆಳ್ಳಗೆ ಲಟ್ಟಿಸಿದ ಮೈದಾಹಿಟ್ಟನ್ನು ಅಗಲವಾದ ತಗಡಿನ ತಟ್ಟೆಗೆ ಹಾಸಿ, ಆಯಾ ಹಂಗಾಮಿನ ಹಣ್ಣನ್ನು ಒತ್ತೊತ್ತಾಗಿ ಜೋಡಿಸಿ, ಮೊಟ್ಟೆ ಮತ್ತು ಹಾಲಿನ ಕೆನೆಯನ್ನು ಕದಡಿ ಸುರಿದು, ಓವನ್ನಿನಲ್ಲಿ ಬೇಯಿಸಿದರೆ ಮುಗಿಯಿತು. ಹೊರಗಿನವರು ಇದನ್ನು ಊಟದ ಕೊನೆಯ ಸಿಹಿ ಎಂದುಕೊಂಡರೂ, ಹಳೆಯ ಮನೆತನಗಳಲ್ಲಿ ಶುಕ್ರವಾರ ಒಂದು ಬಟ್ಟಲು ಸೂಪು ಕುಡಿದಮೇಲೆ ವೇಯೆಯೇ ಊಟ. ಬಾಸೆಲ್ 1529ರಷ್ಟು ಹಿಂದೆಯೇ ಪ್ರಾಟೆಸ್ಟೆಂಟ್ ಸುಧಾರಣೆಯನ್ನು ಒಪ್ಪಿಕೊಂಡ ಊರಾದ್ದರಿಂದ ಶುಕ್ರವಾರದ ಮಾಂಸವರ್ಜನೆ ಇಲ್ಲಿನವರಿಗೆ ಕಟ್ಟಳೆಯಾಗಿ ಉಳಿಯಲಿಲ್ಲ. ಆ ಕಟ್ಟಳೆಯ ನೆರಳಿನಲ್ಲಿ ಬೆಳೆದ ತಿಂಡಿ ಮಾತ್ರ ಉಳಿದುಕೊಂಡಿತು. ಚರ್ಚಿನ ಬಾಗಿಲು ತುಳಿಯದ ನನ್ನ ಸಹೋದ್ಯೋಗಿಗಳೂ ಶುಕ್ರವಾರ ಬೇಕರಿಯಿಂದ ಒಂದು ಹೋಳು ತಂದು ತಿನ್ನುತ್ತಾರೆ. ಏಕೆಂದು ಕೇಳಿದರೆ, ಶುಕ್ರವಾರವಲ್ಲವೇ ಎನ್ನುತ್ತಾರೆ.

ಈ ಎರಡು ಬಗೆಯ ಶುಕ್ರವಾರಗಳ ಪರಿಚಯವಿರುವ ನನಗೆ ಒಂದು ಮಾತು ಹೇಳಬೇಕೆನಿಸಿದೆ. ನಿತ್ಯಜೀವದ ಬಗ್ಗೆ ಊರಿನಲ್ಲಿ ನಾವು ಬಹಳ ಮಾತನಾಡುತ್ತೇವೆ, ಇಲ್ಲಿಯವರು ಬಾಯಿಯನ್ನೇ ಬಿಡುವುದಿಲ್ಲ. ಆದರೂ ನಮ್ಮ ಮಾತಿನಲ್ಲೂ ಇವರ ಮೌನದಲ್ಲೂ ಅಡಗಿರುವ ಕಲ್ಪನೆ ಒಂದೇ: ನಿತ್ಯವೆಂದರೆ ಕೆಡದೆ, ಮುಗಿಯದೆ, ಹಾಗೆಯೇ ಇದ್ದುಬಿಡುವುದು. ಈ ಕಲ್ಪನೆ ಕ್ರೈಸ್ತ ವಿಶ್ವಾಸಕ್ಕೆ ಹೊಂದುವುದಿಲ್ಲವೆಂಬುದು ನನ್ನ ಅಭಿಪ್ರಾಯ. ಬೆಳಿಗ್ಗೆ ಮಾಡಿ ಸಂಜೆಯೊಳಗೆ ತಿಂದು ಮುಗಿಸಬೇಕಾದ ಒಂದು ಹಣ್ಣಿನ ತಿಂಡಿಯನ್ನು ಮುಂದಿಟ್ಟುಕೊಂಡು ಇದನ್ನು ಹೇಳುವುದೇ ಸುಲಭ.

ಮೊದಲು ತಿಂಡಿಯ ವಿಷಯ. 28 ಸೆಂಟಿಮೀಟರ್ ಅಗಲದ ತಟ್ಟೆಗೆ 200 ಗ್ರಾಂ ಮೈದಾ, 75 ಗ್ರಾಂ ಬೆಣ್ಣೆ, ಅರ್ಧ ಚಹಾಚಮಚೆ ಉಪ್ಪು, ಒಂದು ಚಮಚೆ ವಿನೆಗರ್ ಮತ್ತು 100 ಮಿಲಿಲೀಟರಿಗಿಂತ ಸ್ವಲ್ಪ ಕಡಿಮೆ ತಣ್ಣೀರು ಸಾಕು. ಬೆಣ್ಣೆ ಕಲ್ಲಿನಂತೆ ಗಟ್ಟಿಯಾಗಿರಬೇಕು. ಅದನ್ನು ಸಣ್ಣಗೆ ಹೆಚ್ಚಿ ಹಿಟ್ಟಿಗೆ ಹಾಕಿ, ಅಂಗೈ ತಾಗಿಸದೆ ಬೆರಳ ತುದಿಯಿಂದಷ್ಟೇ ಉಜ್ಜುತ್ತ ಹೋದರೆ ಹಿಟ್ಟು ತರಿತರಿಯಾಗುತ್ತದೆ; ಅಲ್ಲಲ್ಲಿ ಕಡಲೆಬೇಳೆ ಗಾತ್ರದ ಬೆಣ್ಣೆಯ ಚೂರುಗಳು ಕಾಣುತ್ತಿರುವಾಗಲೇ ಕೈ ನಿಲ್ಲಿಸಿ, ನೀರು ಚಿಮುಕಿಸಿ, ಒಟ್ಟುಗೂಡಿಸಿ, ಮುಚ್ಚಿ ತಂಪಿನಲ್ಲಿ ಅರ್ಧ ಗಂಟೆ ಇಡಬೇಕು. ಹೋಳಿಗೆಯ ಕಣಕ ಮಾಡಿ ಗೊತ್ತಿರುವವರಿಗೆ ಇದು ವಿಚಿತ್ರವೆನಿಸುತ್ತದೆ. ಕಣಕವನ್ನು ನಾವು ನಾದಿ, ಎಣ್ಣೆ ಹಾಕಿ ಮತ್ತೆ ನಾದಿ, ಎಳೆದರೆ ಹರಿಯದಂತೆ ಹದಕ್ಕೆ ತರುತ್ತೇವೆ. ಇಲ್ಲಿ ನಾದಿದಷ್ಟೂ ಕೆಟ್ಟಿತು, ಏಕೆಂದರೆ ನಾದುವುದರಿಂದ ಹಿಟ್ಟಿನ ಅಂಟು ಬಿಗಿದುಕೊಂಡು ತಳ ಚಕ್ಕಳದಂತೆ ಗಡುಸಾಗುತ್ತದೆ. ಬೆಣ್ಣೆಯಲ್ಲಿ ನೂರಕ್ಕೆ ಹದಿನಾರರಷ್ಟು ನೀರಿರುತ್ತದೆ. ಕಾದ ಓವನ್ನಿನೊಳಗೆ ಆ ನೀರು ಹಬೆಯಾಗಿ ಹಿಟ್ಟಿನ ಪದರುಗಳನ್ನು ಬಿಡಿಸುತ್ತದೆ. ಬೆಣ್ಣೆಯ ಬದಲು ತುಪ್ಪ ಹಾಕಿದರೆ ನೀರೂ ಇಲ್ಲ, ಹಬೆಯೂ ಇಲ್ಲ. ರುಚಿಯೇನೋ ಇರುತ್ತದೆ, ಆದರೆ ಅದು ನಾನ್‌ಖಟಾಯಿಯ ದಾರಿ ಹಿಡಿಯುತ್ತದೆ.

ಲಟ್ಟಿಸಿದ ಹಾಳೆಯನ್ನು ತಟ್ಟೆಗೆ ಹಾಸಿ, ಮುಳ್ಳುಚಮಚೆಯಿಂದ ಚುಚ್ಚಿ, ಮೂರ್ನಾಲ್ಕು ಚಮಚೆ ಬಾದಾಮಿಯ ಇಲ್ಲವೇ ಹೇಝಲ್ ಬೀಜದ ಪುಡಿಯನ್ನು ತಳಕ್ಕೆ ಉದುರಿಸುವುದು ಇಲ್ಲಿಯವರ ಜಾಣತನ. ಹಣ್ಣು ಬಿಡುವ ರಸವನ್ನು ಆ ಪುಡಿ ಹೀರಿಕೊಳ್ಳುವುದರಿಂದ ತಳ ಒದ್ದೆಯಾಗುವುದಿಲ್ಲ. ಅದರ ಮೇಲೆ 700–800 ಗ್ರಾಂ ಹಣ್ಣು. 220 ಡಿಗ್ರಿಯಲ್ಲಿ, ಓವನ್ನಿನ ಎಲ್ಲಕ್ಕಿಂತ ಕೆಳಗಿನ ಅಂತಸ್ತಿನಲ್ಲಿ, ಹದಿನೈದಿಪ್ಪತ್ತು ನಿಮಿಷ. ಬಳಿಕ ಎರಡು ಮೊಟ್ಟೆ, 200 ಮಿಲಿಲೀಟರ್ ಕೆನೆಹಾಲು, ಮೂರು ಚಮಚೆ ಸಕ್ಕರೆಯ ಮಿಶ್ರಣವನ್ನು ಸುರಿದು ಮತ್ತೆ ಅಷ್ಟೇ ಹೊತ್ತು. ಅಂಚು ಕಂದುಬಣ್ಣಕ್ಕೆ ತಿರುಗಿ ನಡುಭಾಗ ಇನ್ನೂ ಸ್ವಲ್ಪ ನಡುಗುತ್ತಿರುವಾಗ ಹೊರತೆಗೆಯಬೇಕು. ಉಗುರುಬೆಚ್ಚಗಿರುವಾಗ ತಿಂದರೆ ತಳ ಕರುಕುರು, ಮೇಲೆ ಮೆತ್ತಗೆ. ರಾತ್ರಿಯ ಹೊತ್ತಿಗೆ ಆ ವ್ಯತ್ಯಾಸ ಅಳಿಸಿಹೋಗಿರುತ್ತದೆ, ಮರುದಿನದ ಹೋಳಿನ ಬಗ್ಗೆ ಹೇಳದಿರುವುದೇ ಒಳ್ಳೆಯದು.

ಇನ್ನು ನಿತ್ಯತೆಯ ವಿಷಯ. ನಮ್ಮ ಕಡೆ ಅದನ್ನು ಕಲಿಸುವ ಕ್ರಮವನ್ನು ತಪಸ್ಸುಕಾಲದ ಧ್ಯಾನಕೂಟಗಳಲ್ಲಿ ಕುಳಿತವರೆಲ್ಲ ಬಲ್ಲರು. ಸಾವಿರ ವರ್ಷಕ್ಕೊಮ್ಮೆ ಒಂದು ಹಕ್ಕಿ ಹಾರಿಬಂದು ಕಡಲತೀರದ ಒಂದೇ ಒಂದು ಮರಳಿನ ಕಣವನ್ನು ಕೊಕ್ಕಿನಲ್ಲಿ ಕಚ್ಚಿ ಒಯ್ಯುತ್ತದೆ. ಹೀಗೆ ತೀರದ ಮರಳೆಲ್ಲ ಮುಗಿದಾಗ ನಿತ್ಯತೆಯ ಮೊದಲ ಕ್ಷಣವೂ ಕಳೆದಿರುವುದಿಲ್ಲ ಎಂದು ಉಪದೇಶಕರು ಹೇಳುವಾಗ, ಕಾರವಾರದಂಥ ಊರಿನ ಮಕ್ಕಳಿಗೆ ಆ ಮರಳನ್ನು ಊಹಿಸಿಕೊಳ್ಳಬೇಕಾದ ಕಷ್ಟವಿಲ್ಲ, ಕಿಟಕಿಯಾಚೆ ನೋಡಿದರಾಯಿತು. ಭಯ ಹುಟ್ಟಿಸಲು ಈ ದೃಷ್ಟಾಂತ ಬಹಳ ಚೆನ್ನಾಗಿದೆ. ಆದರೆ ಅದು ಹೇಳುವುದು ಎಣಿಕೆಯ ಲೆಕ್ಕವನ್ನು ಮಾತ್ರ. ಬಹಳ ಉದ್ದನೆಯ ಕಾಲ, ಅದಕ್ಕಿಂತ ಉದ್ದನೆಯ ಕಾಲ, ಅದಕ್ಕೂ ಉದ್ದನೆಯ ಕಾಲ. ಸತ್ತವರಿಗಾಗಿ ಪೂಜೆ ಹೇಳಿಸುವಾಗಲೂ ನಮ್ಮ ಮನಸ್ಸಿನಲ್ಲಿ ಇದೇ ಲೆಕ್ಕ ಓಡುತ್ತಿರುತ್ತದೆ: ತಿಂಗಳ ಪೂಜೆ, ವರ್ಷದ ಪೂಜೆ, ನವೆಂಬರ್ 2ರ ಸಕಲ ಆತ್ಮಗಳ ಸ್ಮರಣೆಗೆ ಇನ್ನೊಂದು. ಪೂಜೆ ಹೇಳಿಸುವುದು ತಪ್ಪೆಂದು ನಾನು ಹೇಳುತ್ತಿಲ್ಲ. ಸತ್ತವರನ್ನು ಹೆಸರು ಹಿಡಿದು ನೆನೆಯುವ ಊರು ನನಗೆ ಬೇಕು. ಅವರಿರುವ ಸ್ಥಿತಿಯನ್ನು ಕ್ಯಾಲೆಂಡರಿನ ಉದ್ದನೆಯ ಮುಂದುವರಿಕೆಯೆಂದು ತಿಳಿಯುವುದಷ್ಟೇ ನನಗೆ ಒಪ್ಪಿಗೆಯಾಗದ ಸಂಗತಿ.

ಬಾಸೆಲಿನಲ್ಲಿ ಸಾವಿನ ವ್ಯವಹಾರ ಅಚ್ಚುಕಟ್ಟು. ಸ್ವಿಟ್ಜರ್ಲೆಂಡಿನ ಬಹುತೇಕ ಕಡೆ ಸಮಾಧಿಗೆ 20ರಿಂದ 25 ವರ್ಷಗಳ ಅವಧಿ. ಅದು ತೀರಿದ ಮೇಲೆ ಕಲ್ಲನ್ನು ಕಿತ್ತು ನೆಲವನ್ನು ಸಮಗೊಳಿಸುತ್ತಾರೆ, ಅದಕ್ಕೆ ಮೊದಲು ಮನೆಯವರಿಗೆ ತಿಳಿಸುತ್ತಾರೆ. ಇದನ್ನು ಕೇಳಿ ನಮ್ಮೂರಿನವರು ಬೆಚ್ಚಿಬೀಳುವುದುಂಟು. ಆದರೆ ಕೊಂಕಣ ಕರಾವಳಿಯ ಚರ್ಚುಗಳ ಸಿಮಿತ್ರಿಗಳಲ್ಲಿಯೂ ಜಾಗ ಸಾಲದೆ ಹಳೆಯ ಗುಂಡಿಯನ್ನೇ ಮತ್ತೆ ತೆಗೆಯುವ ಪದ್ಧತಿ ಬಹಳ ಹಿಂದಿನದು. ನಾವು ಕಾಗದ ಕಳಿಸುವುದಿಲ್ಲ, ಅಷ್ಟೇ ವ್ಯತ್ಯಾಸ. ನನ್ನ ತಕರಾರಿರುವುದು ಸಮಾಧಿಯ ಅವಧಿಗಲ್ಲ, ಸಮಾಧಿಯಾಚೆಗಿನ ಮಾತನ್ನು ಎತ್ತುವುದೇ ಅನಾಗರಿಕವೆಂಬಂತಿರುವ ಇಲ್ಲಿನ ಮರ್ಯಾದೆಗೆ. ಈ ಊರು ಹಿಂದೆ ಹೀಗಿರಲಿಲ್ಲ. ಡೊಮಿನಿಕನ್ ಮಠದ ಸ್ಮಶಾನದ ಗೋಡೆಯ ಮೇಲೆ, ಸುಮಾರು 1440ರ ಹೊತ್ತಿಗೆ, 60 ಮೀಟರ್ ಉದ್ದಕ್ಕೂ ಮರಣನೃತ್ಯದ ಚಿತ್ರ ಬರೆಸಿದ್ದರು. ಪೋಪನಿಂದ ಹಿಡಿದು ರೈತನವರೆಗೆ ಒಬ್ಬೊಬ್ಬರ ಕೈಯನ್ನೂ ಒಂದೊಂದು ಅಸ್ಥಿಪಂಜರ ಹಿಡಿದು ಕುಣಿಸುವ ಚಿತ್ರ ಅದು. ಅಡುಗೆಯವನಿಗೂ ಆ ಸಾಲಿನಲ್ಲಿ ಜಾಗವಿತ್ತು. 1805ರಲ್ಲಿ ಆ ಗೋಡೆಯನ್ನು ಕೆಡವಿದರು. ಉಳಿದ ತುಣುಕುಗಳು ಈಗ ವಸ್ತುಸಂಗ್ರಹಾಲಯದಲ್ಲಿವೆ, ಬೀದಿಗೆ ಮರಣನೃತ್ಯವೆಂಬ ಹೆಸರು ಮಾತ್ರ ಹಾಗೆಯೇ ಇದೆ. ಆ ವಿಳಾಸದಲ್ಲಿ ವಾಸವಿರುವವರು ಅದನ್ನು ಯಾವ ಅಳುಕೂ ಇಲ್ಲದೆ ಬರೆಯುತ್ತಾರೆ.

ಮಾತು ಬಿಟ್ಟ ಜಾಗವನ್ನು ಅಂಗಡಿ ತುಂಬಿಕೊಂಡಿದೆ ಎಂದು ನನಗೆ ತೋರುತ್ತದೆ. ಇಲ್ಲಿನ ಸೂಪರ್ ಮಾರ್ಕೆಟ್ಟಿನಲ್ಲಿ ಜನವರಿಯಲ್ಲಿಯೂ ಸ್ಟ್ರಾಬೆರಿಯಿದೆ, ಭೂಗೋಳದ ಯಾವುದೋ ಮೂಲೆಯ ಮಾವು ವರ್ಷವಿಡೀ ಇದೆ. ಮುಗಿಯದಿರುವುದು, ಬಾಡದಿರುವುದು, ನಮ್ಮನ್ನು ಕಾಯಿಸದಿರುವುದು: ಸಾವಿನಾಚೆ ನಮಗೆ ಯಾವ ಸ್ಥಿತಿ ಸಿಗಬೇಕೆಂದು ನಾವು ಊಹಿಸಿಕೊಂಡಿದ್ದೇವೋ ಅದರ ಒಂದು ಅಗ್ಗದ ಪ್ರತಿ ಆ ತಣ್ಣನೆಯ ಕಪಾಟುಗಳಲ್ಲಿದೆ. ತಿಂದು ನೋಡಿದವರಿಗೆ ಗೊತ್ತು, ಅದರಲ್ಲಿ ರುಚಿಯಿಲ್ಲ. ಊರು ಇದರಿಂದ ಬಹಳ ದೂರವೇನೂ ಇಲ್ಲ. ಕಾರವಾರದ ಅಂಗಡಿಗಳಲ್ಲಿಯೂ ಈಗ ಮೇಣ ಹಚ್ಚಿದ ವಿದೇಶೀ ಸೇಬು ಮಳೆಗಾಲ, ಬೇಸಿಗೆ ಎನ್ನದೆ ಕುಳಿತಿರುತ್ತದೆ.

ವೇಯೆ ಮಾಡುವ ಮನೆಗಳು ಈ ವಿಷಯದಲ್ಲಿ ಇನ್ನೂ ಹಠಮಾರಿಗಳು. ಏಪ್ರಿಲ್, ಮೇ ತಿಂಗಳಲ್ಲಿ ರೂಬಾರ್ಬ್ ಎಂಬ ಹುಳಿ ದಂಟು, ಜೂನಿನಲ್ಲಿ ಬಾಸೆಲ್ ಸುತ್ತಲಿನ ಹಳ್ಳಿಗಳ ಚೆರ್ರಿ, ಜುಲೈಯಲ್ಲಿ ವಾಲಿಸ್ ಕಣಿವೆಯ ಏಪ್ರಿಕಾಟ್, ಆಗಸ್ಟ್ ಕಳೆಯುತ್ತಿದ್ದಂತೆ ನೀಲಿ ಪ್ಲಮ್, ಆಮೇಲೆ ಚಳಿಗಾಲ ಪೂರ್ತಿ ನೆಲಮಾಳಿಗೆಯಲ್ಲಿಟ್ಟ ಸೇಬು. ಪ್ಲಮ್ಮಿನ ಕಾಲದಲ್ಲಿ ಚೆರ್ರಿಯ ವೇಯೆ ಕೇಳಿದರೆ ನನ್ನ ನೆರೆಮನೆಯ ಅಜ್ಜಿ ನನ್ನನ್ನೊಮ್ಮೆ ನೋಡಿ ಮಾತು ಬದಲಿಸುತ್ತಾಳೆ. ಇದು ನಮಗೆ ಹೊಸ ಪಾಠವೇನಲ್ಲ. ಅಂಕೋಲೆಯ ಕರಿ ಇಶಾಡು ಮಾವಿಗೆ 2023ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಸಿಪ್ಪೆ ತೆಳು, ತಿರುಳು ದಪ್ಪ, ಮುಟ್ಟಿದರೆ ರಸ. ಆದರೆ ಅದರ ಬಾಳಿಕೆ ಕಡಿಮೆ. ಬೇಸಿಗೆಯ ಕೊನೆಯ ಕೆಲವೇ ವಾರ ಸಿಗುತ್ತದೆ, ಮಳೆ ಹಿಡಿಯಿತೆಂದರೆ ಹುಳದ ಪಾಲು. ಅದರ ಘನತೆಯೇ ಅಷ್ಟು. ಅದನ್ನು ವೇಯೆಗೆ ಹಾಕಿದರೇನೆಂದು ಕೇಳುವವರಿದ್ದಾರೆ; ಕರಿ ಇಶಾಡನ್ನು ಬೆಂಕಿಗೆ ಇಡುವುದು ನನ್ನ ಮಟ್ಟಿಗೆ ಪಾಪನಿವೇದನೆಯಲ್ಲಿ ಹೇಳಿಕೊಳ್ಳಬೇಕಾದ ಸಂಗತಿ.

ಬೈಬಲಿನ ಕೊನೆಯ ಪುಸ್ತಕವಾದ ಪ್ರಕಟನಾ ಗ್ರಂಥದ ಕೊನೆಯ ಅಧ್ಯಾಯವನ್ನು ನಾನು ಈ ದೃಷ್ಟಿಯಿಂದ ಓದುತ್ತೇನೆ. ಹೊಸ ಜೆರುಸಲೇಮಿನ ನಡುಬೀದಿಯಲ್ಲಿ ಹರಿಯುವ ನದಿಯ ಎರಡೂ ದಡಗಳಲ್ಲಿ ಜೀವವೃಕ್ಷವಿದೆ. ಅದು ಹನ್ನೆರಡು ಫಲಗಳನ್ನು ಕೊಡುತ್ತದೆ, ತಿಂಗಳು ತಿಂಗಳಿಗೂ ಫಲಿಸುತ್ತದೆ. ಎಲ್ಲ ಹಣ್ಣೂ ಎಲ್ಲ ಕಾಲಕ್ಕೂ ತೂಗುತ್ತಿರುತ್ತದೆ ಎಂದು ಬರೆಯುವುದು ಆ ಗ್ರಂಥ ಬರೆದ ಯೊವಾನ್ನನಿಗೆ ಕಷ್ಟವಾಗಿರಲಿಲ್ಲ. ಅವನು ಹಾಗೆ ಬರೆಯಲಿಲ್ಲ. ಸೂರ್ಯನ ಬೆಳಕೇ ಬೇಡವಾದ ಆ ಪಟ್ಟಣದಲ್ಲಿಯೂ ತಿಂಗಳುಗಳಿವೆ, ಹಣ್ಣಿಗೆ ತನ್ನ ಸರದಿಯಿದೆ. ಇದನ್ನು ಬಾಸೆಲಿನಲ್ಲಿಯೇ ಇರುವ ಶಿರಸಿಯ ಹವ್ಯಕ ಗೆಳೆಯನೊಬ್ಬನಿಗೆ ಹೇಳಿದಾಗ ಅವನು, ಕೈಯಲ್ಲಿದ್ದ ಹೋಳನ್ನು ಕೆಳಗಿಡದೆಯೇ, “ಅಲ್ಲ ಮಾರಾಯಾ, ಅಲ್ಲೂ ತಿಂಗಳು ಅಂತ ಇದ್ರೆ ಅದು ನಿತ್ಯ ಹೆಂಗಾಯ್ತು?” ಎಂದು ಕೇಳಿದ. ಅಡಿಕೆ ತೋಟದವರು ಬೆಳೆಯ ಸರದಿಯ ಬಗ್ಗೆ ಕೇಳುವ ಪ್ರಶ್ನೆಯನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ.

ಅವನ ಪ್ರಶ್ನೆಗೆ ದೇವಶಾಸ್ತ್ರದಲ್ಲಿ ಹಳೆಯ ಉತ್ತರಗಳಿವೆ. ಆರನೆಯ ಶತಮಾನದ ತತ್ತ್ವಜ್ಞಾನಿ ಬೊಯೆತಿಯುಸ್, ಸುಮಾರು 524ರಲ್ಲಿ ಮರಣದಂಡನೆಯನ್ನು ಎದುರುನೋಡುತ್ತ ಬಂಧನದಲ್ಲಿ ಬರೆದ ಕೃತಿಯಲ್ಲಿ, ಕೊನೆಯಿಲ್ಲದ ಜೀವವನ್ನು ಒಮ್ಮೆಗೇ, ಇಡಿಯಾಗಿ, ಪರಿಪೂರ್ಣವಾಗಿ ಹೊಂದಿರುವುದನ್ನೇ ನಿತ್ಯತೆಯೆಂದು ಕರೆದ. ನಾವು ನಿನ್ನೆಯನ್ನು ಕಳೆದುಕೊಂಡು ಇಂದನ್ನು ಪಡೆಯುತ್ತೇವೆ, ಇಂದನ್ನು ಕಳೆದುಕೊಂಡು ನಾಳೆಯನ್ನು. ದೇವರಿಗೆ ಈ ಕಳೆದುಕೊಳ್ಳುವಿಕೆ ಇಲ್ಲ. ಹಕ್ಕಿ ಮತ್ತು ಮರಳಿನ ಲೆಕ್ಕ ಇಲ್ಲಿಗೆ ಬಿದ್ದುಹೋಗುತ್ತದೆ, ಏಕೆಂದರೆ ಎಷ್ಟು ಕಣ ಒಯ್ದರೂ ಅದು ಕಳೆದುಕೊಳ್ಳುವ ಲೆಕ್ಕವೇ. ಬಾಸೆಲಿನಲ್ಲಿಯೇ ಹುಟ್ಟಿ, ಬಹುಕಾಲ ಇಲ್ಲಿಯೇ ಪಾಠ ಹೇಳಿ, ಇಲ್ಲಿಯೇ ತೀರಿಕೊಂಡ ದೇವಶಾಸ್ತ್ರಜ್ಞ ಕಾರ್ಲ್ ಬಾರ್ತ್ (1886–1968) ಇನ್ನೊಂದು ಹೆಜ್ಜೆ ಮುಂದೆ ಹೋದರು. ನಿತ್ಯತೆಯನ್ನು ಬರಿಯ ಕಾಲರಾಹಿತ್ಯವೆಂದು ಹೇಳುವುದನ್ನು ಅವರು ಒಪ್ಪಲಿಲ್ಲ. ದೇವರು ನಮ್ಮ ಕಾಲಕ್ಕೆ ಮೊದಲೂ, ನಮ್ಮ ಕಾಲದ ಜೊತೆಗೂ, ನಮ್ಮ ಕಾಲದ ಅನಂತರವೂ ಇರುವವನಾದ್ದರಿಂದ ಕಾಲಕ್ಕೆ ಅವನಲ್ಲಿ ಜಾಗವಿದೆ ಎಂದರು. ವಯಸ್ಸಾದ ಮೇಲೆ ಬಾರ್ತ್ ಬಾಸೆಲಿನ ಸೆರೆಮನೆಗೆ ಹೋಗಿ ಕೈದಿಗಳಿಗೆ ಉಪದೇಶ ಮಾಡುತ್ತಿದ್ದರು. ಒಬ್ಬ ಸೆರೆಯಲ್ಲಿ ಕುಳಿತು ಬರೆದ, ಇನ್ನೊಬ್ಬರು ಸೆರೆಗೆ ಹೋಗಿ ಮಾತನಾಡಿದರು. ದಿನ ಎಣಿಸುವುದೇ ಶಿಕ್ಷೆಯಾಗಿರುವ ಜಾಗದಲ್ಲಿ ನಿತ್ಯತೆಯನ್ನು ಇನ್ನಷ್ಟು ದಿನಗಳೆಂದು ವರ್ಣಿಸಿದ್ದರೆ ಅದನ್ನು ಸುವಾರ್ತೆಯೆಂದು ಯಾರೂ ಕೇಳುತ್ತಿರಲಿಲ್ಲ. ನನಗೆ ಬಾರ್ತರ ಮಾತು ಹೆಚ್ಚು ಹಿಡಿಸುತ್ತದೆ, ಜೀವವೃಕ್ಷದ ತಿಂಗಳುಗಳಿಗೆ ಅದರಲ್ಲಿ ಎಡೆಯಿದೆಯೆಂಬ ಕಾರಣಕ್ಕೆ.

ಇದಕ್ಕೆ ವಿರೋಧವಾಗಿ ಬೈಬಲಿನಿಂದಲೇ ಮಾತು ತೆಗೆಯಬಹುದು. ನುಸಿ ತಿನ್ನದ, ತುಕ್ಕು ಹಿಡಿಯದ ಸಂಪತ್ತನ್ನು ಸ್ವರ್ಗದಲ್ಲಿ ಕೂಡಿಡಿರಿ ಎಂದು ಯೇಸುಸ್ವಾಮಿಯೇ ಹೇಳಿದ್ದಾರಲ್ಲ, ಅದು ಕೆಡದಿರುವ ಮಾತಲ್ಲವೇ? ಹೌದು. ಆದರೆ ಮತ್ತಾಯನ ಅದೇ ಆರನೆಯ ಅಧ್ಯಾಯದಲ್ಲಿ, ಆ ಮಾತಿಗೆ ಕೆಲವೇ ವಾಕ್ಯಗಳ ಮೊದಲು, ನಮ್ಮ ಅನುದಿನದ ಆಹಾರವನ್ನು ನಮಗೆ ಇಂದು ಕೊಡಿರಿ ಎಂಬ ಪ್ರಾರ್ಥನೆಯಿದೆ. ತುಕ್ಕು ಹಿಡಿಯದ್ದನ್ನು ಬಯಸುವವನು ರೊಟ್ಟಿಯನ್ನು ಒಂದು ದಿನಕ್ಕೆ ಮಾತ್ರ ಬೇಡಬೇಕೆಂದಾಯಿತು. ಮರುಭೂಮಿಯಲ್ಲಿ ಇಸ್ರಾಯೇಲರಿಗೆ ದೇವರು ಕೊಟ್ಟ ಮನ್ನವೆಂಬ ಆಹಾರದ ಕಥೆಯಂತೂ ಇನ್ನೂ ಖಡಾಖಂಡಿತ: ಮೋಶೆ ಬೇಡವೆಂದರೂ ನಾಳೆಗೆಂದು ಎತ್ತಿಟ್ಟವರ ಮನ್ನ ಹುಳಬಿದ್ದು ನಾರಿತು. ವಾರದ ವಿಶ್ರಾಂತಿಯ ದಿನವಾದ ಸಬ್ಬತ್ತಿಗೆಂದು ಎತ್ತಿಟ್ಟದ್ದು ಕೆಡಲಿಲ್ಲ ಎಂಬುದೂ ಅಲ್ಲಿಯೇ ಇದೆ. ಉಳಿಯುವುದು, ಅಳಿಯುವುದು ಕೊಟ್ಟವನಿಗೆ ಸೇರಿದ್ದು, ಡಬ್ಬಿ ಮುಚ್ಚುವವನಿಗಲ್ಲ. ಕೊರಿಂಥದವರಿಗೆ ಬರೆದ ಮೊದಲ ಪತ್ರದಲ್ಲಿ ಪ್ರೇಷಿತ ಪೌಲನು ಅಳಿಯುವ ದೇಹ ಅಳಿಯದ್ದನ್ನು ಧರಿಸಿಕೊಳ್ಳುವ ಬಗ್ಗೆ ಹೇಳುವಾಗ ಆರಿಸಿಕೊಂಡದ್ದು ಬೀಜದ ಉದಾಹರಣೆಯನ್ನು. ಬಿತ್ತಿದ್ದು ಸತ್ತ ಹೊರತು ಚಿಗುರುವುದಿಲ್ಲ. ಉಪ್ಪಿಗೆ ಹಾಕಿದ ಮೀನಿನ ಅಥವಾ ಜೇನಿನಲ್ಲಿಟ್ಟ ಹಣ್ಣಿನ ಉದಾಹರಣೆ ಅವನಿಗೆ ಹೊಳೆಯದೆ ಹೋದದ್ದಲ್ಲ. ಅಳಿಯದಂತೆ ಕಾಪಾಡುವುದು ಅವನ ವಿಷಯವಾಗಿರಲಿಲ್ಲ.

ಯೊವಾನ್ನನ ಶುಭಸಂದೇಶದ ಇಪ್ಪತ್ತೊಂದನೆಯ ಅಧ್ಯಾಯವನ್ನು ಕರಾವಳಿಯವರು ಓದುವ ರೀತಿಯೇ ಬೇರೆ. ರಾತ್ರಿಯಿಡೀ ಬಲೆ ಬೀಸಿ ಬರಿಗೈಯಲ್ಲಿ ಮರಳಿದ ದೋಣಿ, ಬೆಳಗಿನ ಜಾವ ದಡದಿಂದ ಕೇಳಿಬಂದ ಏನಾದರೂ ಸಿಕ್ಕಿತೇ ಎಂಬ ಪ್ರಶ್ನೆ, ಮತ್ತೆ ಬೀಸಿದಾಗ 153 ದೊಡ್ಡ ಮೀನು. ಎಣಿಸಿದ್ದಾರೆ! ಮೀನುಗಾರರಲ್ಲದವರು ಆ ಸಂಖ್ಯೆಗೆ ಗೂಢಾರ್ಥಗಳನ್ನು ಹುಡುಕುತ್ತ ಬಂದಿದ್ದಾರೆ. ಕಾರವಾರದ ಬೈತಕೋಲದ ಬಂದರಿನಲ್ಲಿ ಹುಟ್ಟಿ ಬೆಳೆದವನಿಗೆ, ಪಾಲು ಹಂಚಬೇಕಾದವರು ಮೀನು ಎಣಿಸದೆ ಮತ್ತೇನು ಮಾಡುತ್ತಾರೆ ಎನಿಸುತ್ತದೆ. ಆದರೆ ನನ್ನನ್ನು ಹಿಡಿದು ನಿಲ್ಲಿಸುವುದು ಅದಕ್ಕೂ ಮೊದಲಿನ ವಿವರ. ಶಿಷ್ಯರು ದಡಕ್ಕೆ ಬಂದಾಗ ಅಲ್ಲಿ ಆಗಲೇ ಕೆಂಡ ಹೊತ್ತಿಸಿ, ಮೀನು ಸುಡಲು ಇಟ್ಟು, ರೊಟ್ಟಿ ಸಿದ್ಧಪಡಿಸಲಾಗಿತ್ತು. ಸಾವನ್ನು ಗೆದ್ದುಬಂದ ಯೇಸು, ಇನ್ನು ಸಾವೇ ಇಲ್ಲದವನು, ಮರಳಿನ ಮೇಲೆ ಕುಳಿತು ಬೆಳಗಿನ ತಿಂಡಿ ಮಾಡುತ್ತಿದ್ದಾನೆ. ಆರಿಹೋಗುವ ಬೆಂಕಿಯಲ್ಲಿ, ಮಧ್ಯಾಹ್ನಕ್ಕೆ ವಾಸನೆ ಹೊಡೆಯುವ ಮೀನಿನಿಂದ. ಬನ್ನಿ, ಊಟಮಾಡಿ ಎಂದು ಕರೆಯುತ್ತಾನೆ. ನಿತ್ಯಜೀವ ಹೇಗಿರುತ್ತದೆ ಎಂದು ಕೇಳುವವರಿಗೆ ಸುವಾರ್ತೆಗಳಲ್ಲಿ ಇದಕ್ಕಿಂತ ಹತ್ತಿರದ ನೋಟ ನನಗೆ ಸಿಕ್ಕಿಲ್ಲ. ಇದರಲ್ಲಿ ನಮ್ಮ ಉಪದೇಶಕರ ಹಕ್ಕಿಯೂ ಇಲ್ಲ, ಬಾಸೆಲಿನ ಮೌನವೂ ಇಲ್ಲ.

ಇದೇ ಮಾತು ಕಾರವಾರದ ಕಡಲತೀರದಲ್ಲಿ ಕ್ರೈಸ್ತನಲ್ಲದ ಒಬ್ಬ ತರುಣನಿಗೂ ಹೊಳೆದಿತ್ತು. 1883ರಲ್ಲಿ ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ ಬಂದಿದ್ದ ರವೀಂದ್ರನಾಥ ಠಾಕೂರರು ಇಲ್ಲಿಯೇ ಒಂದು ನಾಟಕ ಬರೆದರು. ಪ್ರಪಂಚದ ನಂಟು ಕಡಿದುಕೊಂಡು ಅನಂತವನ್ನು ಗೆಲ್ಲಹೊರಟ ಸನ್ಯಾಸಿಯೊಬ್ಬನನ್ನು ಒಬ್ಬ ಅನಾಥ ಬಾಲಕಿಯ ಪ್ರೀತಿ ಮತ್ತೆ ಜಗತ್ತಿಗೆ ಎಳೆತರುವ ಕಥೆ ಅದು. ಸೀಮಿತದೊಳಗೇ ಅಸೀಮವನ್ನು ಪಡೆಯುವ ಆನಂದವೇ ತಮ್ಮ ಬರವಣಿಗೆಯೆಲ್ಲದರ ವಿಷಯವೆಂದು ಅವರು ಮುಂದೆ ನೆನಪಿಸಿಕೊಂಡರು. ಅವರ ಹೆಸರಿನ ಆ ಕಡಲತೀರದಲ್ಲಿ ಸಂಜೆ ಓಡಾಡುವ ನಮ್ಮಲ್ಲಿ ಹೆಚ್ಚಿನವರಿಗೆ ನಾಟಕದ ಹೆಸರೂ ಗೊತ್ತಿಲ್ಲ.

ಹಾಗೆಂದು ಕೂಡಿಡುವ ಅಡುಗೆಯನ್ನೆಲ್ಲ ನಾನು ಹಳಿಯುತ್ತಿದ್ದೇನೆಂದು ತಿಳಿಯಬಾರದು. ಮಳೆಗಾಲದ ನಾಲ್ಕು ತಿಂಗಳು ಕಡಲಿಗೂ ಅಂಗಳಕ್ಕೂ ಇಳಿಯಲಾಗದ ಊರಿನಲ್ಲಿ ಒಣಮೀನು, ಹಲಸಿನ ಹಪ್ಪಳ, ಅಪ್ಪೆಮಿಡಿಯ ಉಪ್ಪಿನಕಾಯಿ ಇಲ್ಲದೆ ಬದುಕಿಲ್ಲ. ಕ್ರಿಸ್ಮಸ್ಸಿಗೆ ಮಾಡುವ ನೆವ್ರಿ, ಕಿಡಿಯೊ, ಪೇರಳೆಹಣ್ಣಿನ ಪೆರಾಡಗಳೂ ಡಬ್ಬಿಯಲ್ಲಿ ವಾರಗಟ್ಟಲೆ ಉಳಿಯಲೆಂದೇ ಹುಟ್ಟಿದವು. ನನ್ನ ಮಾವಶಿ ಬೆಬಿಂಕ ಮಾಡುವುದನ್ನು ನೋಡಿದವರು ಅದಕ್ಕೆ ಎರಡು ಮಾತು ಆಡುವುದಿಲ್ಲ: ಕೆಳಗೆ ಬೂದಿ ಮುಚ್ಚಿದ ಮಂದ ಉರಿ, ಮೇಲೆ ತಗಡಿನ ಮುಚ್ಚಳದ ತುಂಬ ತೆಂಗಿನ ಕರಟದ ಕೆಂಡ, ತೆಂಗಿನಹಾಲು ಮತ್ತು ಮೊಟ್ಟೆಯ ಹಿಟ್ಟು ಒಂದು ಸೌಟು ಬಿಟ್ಟು, ಅದು ಕೆಂಪಾಗುವ ತನಕ ಕಾದು, ತುಪ್ಪ ಸವರಿ ಇನ್ನೊಂದು ಸೌಟು. ಪದರ ಮೇಲೆ ಪದರ ಏರುವಷ್ಟರಲ್ಲಿ ಅರ್ಧ ದಿನ ಕಳೆದಿರುತ್ತದೆ. ಇದು ದುಡಿಮೆ, ಮುಂದಾಲೋಚನೆ, ಬಂದವರಿಗೆ ಕೊಡಲು ಮನೆಯಲ್ಲಿ ಏನಾದರೂ ಇರಬೇಕೆಂಬ ಸೌಜನ್ಯ. ಅದನ್ನು ಅದರ ಹೆಸರಿನಿಂದ ಕರೆದರೆ ಸಾಕು, ಅದರ ಮೇಲೆ ನಿತ್ಯತೆಯ ಭಾರ ಹೊರಿಸಬೇಕಾಗಿಲ್ಲ.

ಆದರೆ ವರ್ಷದ ಪೂಜೆ ಮುಗಿದ ಮೇಲೆ ಚರ್ಚಿನ ಅಂಗಳದಲ್ಲಿ ಹಂಚುವ ತಿಂಡಿಯ ವಿಷಯದಲ್ಲಿ ನನ್ನದೊಂದು ಸಲಹೆಯಿದೆ. ಈಗೀಗ ಅಲ್ಲಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ, ತಿಂಗಳ ನಂತರದ ತಾರೀಖು ಒತ್ತಿದ ಕೇಕಿನ ಹೋಳು ಬರುತ್ತಿದೆ. ಜನ ಅದನ್ನು ಚೀಲಕ್ಕೆ ಹಾಕಿಕೊಂಡು ನಡೆಯುತ್ತಾರೆ, ನಿಂತು ತಿನ್ನುವುದಿಲ್ಲ, ಆದ್ದರಿಂದ ಸತ್ತವರ ಬಗ್ಗೆ ಮಾತೂ ಆಗುವುದಿಲ್ಲ. ಅಲ್ಲಿಯೇ ತಿನ್ನಬೇಕಾದದ್ದನ್ನು ಕೊಟ್ಟರೆ ಜನ ನಿಲ್ಲುತ್ತಾರೆ. ಅರಿಶಿನ ಎಲೆಯ ಕಡುಬು ಕೊಡಬಹುದು, ವೇಯೆಯೂ ಆಗುತ್ತದೆ. ಕಾರವಾರದ ಸೆಕೆಯಲ್ಲಿ ಬೆಣ್ಣೆ ನಿಲ್ಲುವುದಿಲ್ಲವೆಂಬ ಮಾತು ನಿಜ, ಮೈಯ ಬಿಸಿಗೇ ಕರಗುವ ವಸ್ತು ಅದು. ಹಾಗಾಗಿ ಹಿಟ್ಟನ್ನೂ ಬೆಣ್ಣೆಯನ್ನೂ ಹಿಂದಿನ ರಾತ್ರಿಯೇ ಫ್ರಿಜ್ಜಿನಲ್ಲಿಟ್ಟು, ಬೆಳಗಿನ ಐದೂವರೆಗೆ, ಐಸಿನ ನೀರಿನಲ್ಲಿ ಕಲಸಿದರೆ ಕೆಲಸ ಕೈಗೂಡುತ್ತದೆ. ಹಣ್ಣಿಗೆ ಬನವಾಸಿ ಕಡೆಯ ಅನಾನಸು. ಅದನ್ನು ಹಸಿಯಾಗಿ ಹಾಕಬಾರದು, ಅದರೊಳಗಿನ ಕಿಣ್ವ ಮೊಟ್ಟೆಯ ಮಿಶ್ರಣವನ್ನು ಗಟ್ಟಿಯಾಗಲು ಬಿಡುವುದಿಲ್ಲ. ತೆಳುವಾಗಿ ಹೆಚ್ಚಿ ಮೂರು ಚಮಚೆ ಬೆಲ್ಲದೊಂದಿಗೆ ರಸ ಅಂಟಾಗುವ ತನಕ ಬೇಯಿಸಿ ಆರಿಸಬೇಕು. ಕೆನೆಯ ಬದಲು ದಪ್ಪ ತೆಂಗಿನಹಾಲು. ಮೊಟ್ಟೆ ತಿನ್ನದವರಿಗಾಗಿ ಅದನ್ನು ಬಿಟ್ಟು ಎರಡು ಚಮಚೆ ಕಾರ್ನ್‌ಫ್ಲೋರ್ ಕದಡಿದರೂ ನಡೆಯುತ್ತದೆ. ಓವನ್ನಿಲ್ಲದ ಮನೆಯಲ್ಲಿ ಬೆಬಿಂಕದ ಪಾತ್ರೆಯೇ ಓವನ್, ಮೇಲಿನ ಕೆಂಡ ಮಾತ್ರ ಕಡಿಮೆಯಾಗಬಾರದು.

ತಳಕ್ಕೆ ಉದುರಿಸಲು ಬಾದಾಮಿಯ ಬದಲು ನಮ್ಮ ಗೋಡಂಬಿಯ ಪುಡಿ. ಅನಾನಸಿಗೆ ನಾಲ್ಕು ಚಮಚೆ ಬೇಕೇ ಬೇಕೆಂದು ನಾನು, ಎರಡೇ ಸಾಕು, ಗೋಡಂಬಿಯ ಬೆಲೆ ಗೊತ್ತೇನು ಪುತಾ ಎಂದು ಮಾವಶಿ. ಅವಳು ಎರಡು ಹಾಕಿ ಮಾಡಿದ ತಟ್ಟೆ ತಳ ಒದ್ದೆಯಾಗುವ ಮೊದಲೇ ಖಾಲಿಯಾದದ್ದರಿಂದ ಆ ವಾದ ಇನ್ನೂ ತೀರ್ಮಾನವಾಗಿಲ್ಲ.